ಮಣ್ಣಿನ ಖಂಬಾನಾ, ಬೊಕಾಶಿ ಬಕೆಟ್ಟಾ? ಎರಡನ್ನೂ ಬಳಸಿದ ಮೇಲೆ

ಬಾಲ್ಕನಿಯಲ್ಲಿ ಹಸಿ ಕಸದಿಂದ ಗೊಬ್ಬರ ಮಾಡುವ ಆಸೆ ಇದ್ದರೆ ಮೂರು ಅಂತಸ್ತಿನ ಮಣ್ಣಿನ ಮಡಕೆ ತಗೊಳ್ಳಿ. ಖಂಬಾ ಅಂತ ಕೇಳಿದರೆ ಕೊಡ್ತಾರೆ. ಬೊಕಾಶಿ ಬಕೆಟ್ಟನ್ನೂ ನಮ್ಮ ಮನೆಯಲ್ಲಿ ಬಳಸಿದ್ದೇವೆ. ಅದು ಕೆಟ್ಟದ್ದೇನಲ್ಲ. ಆದರೆ ಅಂಗಳವಿಲ್ಲದ ಬೆಂಗಳೂರಿನ ಫ್ಲ್ಯಾಟಿನಲ್ಲಿ ಅದು ಅರ್ಧ ಕೆಲಸ ಮಾಡಿ ಕೈಬಿಡುತ್ತದೆ.

ಈ ಅರ್ಧ ಕೆಲಸದ ವಿಷಯ ಮಾರುವವರು ಬಿಡಿಸಿ ಹೇಳಲಿಲ್ಲ. ಬೊಕಾಶಿ ಜಪಾನಿನ ಪದ್ಧತಿ. ಗಾಳಿಯಾಡದ ಬಕೆಟ್ಟಿಗೆ ಸಿಪ್ಪೆ ಹಾಕಿ, ಸೂಕ್ಷ್ಮಜೀವಿ ಬೆರೆಸಿದ ತವುಡು ಉದುರಿಸಿ, ಒತ್ತಿ ಮುಚ್ಚಬೇಕು. ತುಂಬಿದ ಮೇಲೆ ಎರಡು ವಾರ ಬಿಡಬೇಕು. ಆಮೇಲೆ ತೆಗೆದರೆ ಬಾಳೆಹಣ್ಣಿನ ಸಿಪ್ಪೆ ಇನ್ನೂ ಸಿಪ್ಪೆಯಾಗಿಯೇ ಇರುತ್ತದೆ! ಉಪ್ಪಿನಕಾಯಿ ಥರ ಹುಳಿ ಹಿಡಿದಿರುತ್ತದೆ, ಅಷ್ಟೇ. ಅದು ಗೊಬ್ಬರ ಆಗಬೇಕಾದರೆ ಮಣ್ಣಲ್ಲಿ ಹೂತು ಇನ್ನೂ ಕೆಲವು ವಾರ ಕಾಯಬೇಕು.

ಮೂರನೇ ಮಹಡಿಯಲ್ಲಿ ಹೂಳೋದಕ್ಕೆ ಮಣ್ಣೆಲ್ಲಿ? ದುಡ್ಡು ಕೊಟ್ಟು ಕೆಮ್ಮಣ್ಣಿನ ಮೂಟೆ ತಂದು ಹಳೇ ಡ್ರಮ್ಮಿಗೆ ತುಂಬಿದೆವು. ಅದರಲ್ಲಿ ಹೂತದ್ದು ಕರಗುವ ಮೊದಲೇ ಮುಂದಿನ ಬಕೆಟ್ ತುಂಬಿ ಕೂತಿರುತ್ತಿತ್ತು. ಅವಸರಪಟ್ಟು ಅದೇ ಮಣ್ಣಲ್ಲಿ ಗಿಡ ನೆಡುವ ಹಾಗೂ ಇಲ್ಲ, ಹುಳಿಗೆ ಬೇರು ಸುಡುತ್ತದೆ. ಬಕೆಟ್ಟಿನ ಕೆಳಗಿನ ನಲ್ಲಿಯಿಂದ ಆಗಾಗ ರಸ ಬಸಿಯಬೇಕು. ತವುಡು ಮುಗಿದಾಗಲೆಲ್ಲ ಮತ್ತೆ ಖರ್ಚು.

ಖಂಬಾ ಗಾಳಿಯಾಡುವ ವ್ಯವಸ್ಥೆ. ಮೇಲಿನ ಮಡಕೆಗೆ ಹಸಿ ಕಸ, ಅದು ಮುಚ್ಚುವಷ್ಟು ತರಗೆಲೆ, ಶುರುವಿನಲ್ಲಿ ಒಂದಿಷ್ಟು ಹುಳಿ ಮಜ್ಜಿಗೆ. ತುಂಬಿದರೆ ಮಡಕೆಯನ್ನು ಕೆಳಕ್ಕೆ ಇಳಿಸಿ, ಖಾಲಿಯದ್ದನ್ನು ಮೇಲಿಡೋದು. ಎರಡು ಮೂರು ತಿಂಗಳಲ್ಲಿ ಕೆಳಗಿನ ಮಡಕೆಯದ್ದು ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಜರಡಿ ಹಿಡಿದು ನೇರ ಕುಂಡಕ್ಕೆ ಹಾಕಬಹುದು. ಯುಗಾದಿಗೆ ಮುಂಚೆ ಹೊಂಗೆ ಎಲೆ ಉದುರುವಾಗ ಚೀಲಗಟ್ಟಲೆ ತುಂಬಿಟ್ಟುಕೊಂಡರೆ, ತರಗೆಲೆ ಬದಲು ಹಾಕುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ದುಡ್ಡೂ ಉಳಿಯುತ್ತದೆ. ರಸ್ತೆ ಬದಿ ಬೆಂಕಿಗೆ ಹೋಗುವ ಎಲೆ ಅದು.

ಹುಳ ಬರುತ್ತದೆ, ನಿಜ. ಹೆಚ್ಚಾಗಿ ಅವು ಕಪ್ಪು ಸೈನಿಕ ನೊಣದ ಮರಿಗಳು. ಕಚ್ಚುವುದಿಲ್ಲ, ಕಸವನ್ನು ಬೇಗ ತಿಂದು ಮುಗಿಸುತ್ತವೆ. ವಾಸನೆ ಬಂದರೆ ಒಣ ಎಲೆ ಸಾಲದು ಅಂತ ಅರ್ಥ.

ಮಳೆಗಾಲದಲ್ಲಿ ಎರಚಲು ಬೀಳದ ಮೂಲೆ ಬೇಕು.

ಬೊಕಾಶಿ ಗೆಲ್ಲುವುದು ಒಂದು ಕಡೆ. ಉಳಿದ ಸಾರು-ಅನ್ನ, ಮೀನಿನ ಮುಳ್ಳು, ಮಾಂಸದ ಚೂರು, ಎಲ್ಲ ಹಾಕಬಹುದು, ನೊಣವೂ ಬರಲ್ಲ. ಹಿತ್ತಲಿರುವ, ದಿನಾ ಮೀನು ಮಾಡುವ ಮನೆಗೆ ನಾನೂ ಅದನ್ನೇ ಹೇಳುತ್ತೇನೆ. ನಮ್ಮದು ಸೊಪ್ಪು-ತರಕಾರಿ ಅಡುಗೆ. ಅವರೆಕಾಯಿ ಕಾಲದಲ್ಲಿ ಸಿಪ್ಪೆ ರಾಶಿ ಬೀಳುತ್ತದೆ, ಅದನ್ನು ಆ ಪುಟ್ಟ ಬಕೆಟ್ ತಡೆಯಲ್ಲ.

ನಗರದ ಕಸ ಸಾಕಪ್ಪಾ ಅಂತ 2014ರಲ್ಲಿ, ಬೆಂಗಳೂರಿನ ಕಸ ತಂದು ಸುರಿಯುತ್ತಿದ್ದ ಮಂಡೂರಿನ ಜನ ಬೀದಿಗಿಳಿದರು. ನಮ್ಮ ಸಿಪ್ಪೆ ಇನ್ನೊಬ್ಬರ ಊರಿನ ಬಾವಿ ಕೆಡಿಸಬಾರದು ಅಲ್ವಾ? ಅದಕ್ಕೇ ಕೊಳ್ಳುವಾಗ ದುಡ್ಡು ಜಾಸ್ತಿ ಆದರೂ ನನ್ನ ಓಟು ಮಡಕೆಗೆ. ತಿಂಗಳ ಖರ್ಚು ಇಲ್ಲ, ಒಂದು ಮಡಕೆ ಒಡೆದರೆ ಅದೊಂದನ್ನೇ ಬದಲಿಸಿದರೆ ಆಯ್ತು.