ಮಳೆಗಾಲದ ಮನೆಯಲ್ಲಿ 'ಆನ್ ಲ್ಯಾಂಡ್': ಬ್ರಯಾನ್ ಈನೋ ಧ್ವನಿಮುದ್ರಿಕೆಯ ವಿಮರ್ಶೆ

ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ ಅವರ 'ಆಂಬಿಯೆಂಟ್ 4: ಆನ್ ಲ್ಯಾಂಡ್' 1982ರಲ್ಲಿ ಹೊರಬಂದ ಧ್ವನಿಮುದ್ರಿಕೆ. ಎಂಟು ರಚನೆಗಳಿವೆ, ಎಲ್ಲವೂ ಸೇರಿ ಸುಮಾರು ಮುಕ್ಕಾಲು ಗಂಟೆ. ಸಾಗರ ತಾಲ್ಲೂಕಿನ ನಮ್ಮ ಹೆಂಚಿನ ಮನೆಯಲ್ಲಿ ಇದರ ಸಿ.ಡಿ.ಯನ್ನು ಎರಡು ಮಳೆಗಾಲ ಕೇಳಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಸುತ್ತಲಿನ ವಾತಾವರಣದ ಹಾಗೆ ಹಿನ್ನೆಲೆಯಲ್ಲಿರುವ ಈ 'ಆಂಬಿಯೆಂಟ್' ಬಗೆಯ ಸಂಗೀತವನ್ನು ನಿದ್ರೆಗೆ, ಧ್ಯಾನಕ್ಕೆ ಎಂದು ಹೆಸರಿಟ್ಟು ಮಾರುವ ರೂಢಿ ಈಗ ಬೆಳೆದಿದೆ. 'ಆನ್ ಲ್ಯಾಂಡ್' ಕೊಳ್ಳುವವರು ಆ ನಿರೀಕ್ಷೆ ಇಟ್ಟುಕೊಳ್ಳಬಾರದು. ರಾತ್ರಿ ಬ್ಯಾಟರಿ ಇಲ್ಲದೆ ತೋಟದ ದಾರಿಯಲ್ಲಿ ಬರುವಾಗ ಕಿವಿ ಎಷ್ಟು ಎಚ್ಚರವಾಗಿರುತ್ತದೋ ಅಷ್ಟು ಎಚ್ಚರವನ್ನು ಇದು ಬೇಡುತ್ತದೆ.

ಈನೋ ಇಲ್ಲಿಗೆ ಬಂದು ತಲುಪಿದ ದಾರಿಯನ್ನು ತಿಳಿದವರಿಗೆ ಈ ಮುದ್ರಿಕೆ ಹೆಚ್ಚು ದಕ್ಕುತ್ತದೆ. 1948ರಲ್ಲಿ ಇಂಗ್ಲೆಂಡಿನ ಸಫಕ್‌ನಲ್ಲಿ ಹುಟ್ಟಿದ ಅವರು ಓದಿದ್ದು ಚಿತ್ರಕಲೆ. 'ರಾಕ್ಸಿ ಮ್ಯೂಸಿಕ್' ಎಂಬ ರಾಕ್ ತಂಡದಲ್ಲಿ ಸಿಂಥಸೈಜರ್ ನುಡಿಸಿ, 1973ರಲ್ಲಿ ತಂಡ ಬಿಟ್ಟರು. 1975ರ ಆರಂಭದಲ್ಲಿ ಟ್ಯಾಕ್ಸಿ ಗುದ್ದಿ ಹಾಸಿಗೆ ಹಿಡಿದಿದ್ದಾಗ ನೋಡಲು ಬಂದ ಗೆಳತಿಯೊಬ್ಬರು ಹದಿನೆಂಟನೆಯ ಶತಮಾನದ ಹಾರ್ಪ್ ಸಂಗೀತದ ರೆಕಾರ್ಡನ್ನು ಕೊಟ್ಟುಹೋದರು. ಕಷ್ಟಪಟ್ಟು ಅದನ್ನು ಹಾಕಿ ಬಂದು ಮಲಗಿದ ಮೇಲೆ ದನಿ ತೀರ ಸಣ್ಣದಾಗಿದೆ, ಸ್ಟೀರಿಯೋದ ಒಂದು ಪಕ್ಕ ಕೆಟ್ಟಿದೆ ಎಂದು ತಿಳಿಯಿತು. ಮತ್ತೆ ಎದ್ದು ಸರಿಪಡಿಸುವ ತ್ರಾಣ ಇರಲಿಲ್ಲ. ಕೋಣೆಯ ಬೆಳಕಿನ ಹಾಗೆ, ಹೊರಗಿನ ಮಳೆಯ ಹಾಗೆ ಸಂಗೀತವೂ ಸುತ್ತಲಿನ ಒಂದು ಭಾಗವಾಗಿ ಇರಬಹುದೆಂದು ಅವರಿಗೆ ಹೊಳೆದದ್ದು ಆಗ. ಆಷಾಢದಲ್ಲಿ ರೇಡಿಯೋ ಹಚ್ಚಿ, ಹೆಂಚಿನ ಮೇಲೆ ಸುರಿಯುವ ಮಳೆಗೆ ಅರ್ಧ ಹಾಡನ್ನು ಬಿಟ್ಟುಕೊಟ್ಟು ಬೆಳೆದ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ವರ್ಷ ಈನೋ ಅವರ 'ಡಿಸ್ಕ್ರೀಟ್ ಮ್ಯೂಸಿಕ್' ಬಂದಿತು. ಆಮೇಲೆ ಬಂದ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಹೆಚ್ಚು ಹೆಸರುವಾಸಿ. ಅದರ ಒಂದು ರಚನೆಯಲ್ಲಿ ಹಾಡುವ ದನಿಗಳನ್ನು ಬೇರೆ ಬೇರೆ ಉದ್ದದ ಟೇಪ್ ಸುರುಳಿಗಳಲ್ಲಿ ಹಿಡಿದು ಒಟ್ಟಿಗೆ ಓಡಿಸಿದ್ದಾರೆ: ಒಂದು ಸ್ವರ 23.5 ಸೆಕೆಂಡಿಗೊಮ್ಮೆ, ಇನ್ನೊಂದು ಸುಮಾರು 26ಕ್ಕೆ, ಮತ್ತೊಂದು ಸುಮಾರು 30ಕ್ಕೆ ಮರಳುತ್ತವೆ. ಮಳೆ ನಿಂತ ಮೇಲೆ ಸೂರಿನ ಮೂರು ಕಡೆ ಹನಿಗಳು ತಮ್ಮ ತಮ್ಮ ಅಂತರದಲ್ಲಿ ಬೀಳುತ್ತಿದ್ದರೆ ಅವುಗಳ ಜೋಡಣೆ ಪ್ರತಿ ಸಲವೂ ಬೇರೆಯಾಗುವಂತೆ ಇಲ್ಲಿಯೂ ಆಗುತ್ತದೆ. ಸುಂದರವಾದ ಕೃತಿ ಅದು. ಆದರೆ ಅದಕ್ಕೆ ಊರು ಎಂಬುದಿಲ್ಲ; ಯಾವ ವಿಮಾನ ನಿಲ್ದಾಣಕ್ಕಾದರೂ ಹೊಂದುತ್ತದೆ.

'ಆನ್ ಲ್ಯಾಂಡ್'ಗೆ ಊರುಗಳಿವೆ. 1980ರಲ್ಲಿ ಘಾನಾಕ್ಕೆ ಹೋಗಿದ್ದ ಈನೋ ಸಂಜೆಗಳಲ್ಲಿ ಹೊರಗೆ ಮೈಕ್ ಇಟ್ಟು, ಸುತ್ತಲಿನ ಸದ್ದುಗಳನ್ನೆಲ್ಲ ಹೆಡ್‌ಫೋನಿನಲ್ಲಿ ಕೇಳುತ್ತ ಕೂರುತ್ತಿದ್ದರು; ಚೆದುರಿದ ಸದ್ದುಗಳು ಒಂದು ಚೌಕಟ್ಟಿನೊಳಗೆ ಬಂದು ಸಂಗೀತವಾದವು ಎಂದು ಮುದ್ರಿಕೆಯ ಟಿಪ್ಪಣಿಯಲ್ಲಿ ಬರೆದಿದ್ದಾರೆ. ಇಲ್ಲಿ ಸರಪಳಿಯ ತುಂಡು, ಕೋಲು, ಕಲ್ಲುಗಳೂ ವಾದ್ಯಗಳೇ. ಕಪ್ಪೆ, ಕೀಟ, ಕಾಗೆಯ ಬಳಗದ ರೂಕ್ ಹಕ್ಕಿಗಳ ದನಿಗಳಿವೆ. ತಮ್ಮದೇ ಹಳೆಯ ಟೇಪುಗಳನ್ನು ಮತ್ತೆ ಮತ್ತೆ ಬೆರೆಸಿ, ತೆಗೆದು, ಕೊಳೆಸಿ ಹೊಸದನ್ನು ಪಡೆದ ಈ ವಿಧಾನವನ್ನು ಅವರು ಗೊಬ್ಬರ ಮಾಡುವ ಕೆಲಸಕ್ಕೆ ಹೋಲಿಸಿದ್ದಾರೆ. ಸೊಪ್ಪಿನಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು, ಗೊಬ್ಬರಗುಂಡಿಗೆ ಬಿದ್ದು, ಕಪ್ಪಗಾಗಿ ಅಡಕೆಯ ಬುಡ ಸೇರುವುದನ್ನು ಪ್ರತಿ ವರ್ಷ ಕಾಣುವ ನನಗೆ ಈ ಮಾತು ಬರಿಯ ಅಲಂಕಾರವಾಗಿ ತೋರಲಿಲ್ಲ. ಮೂಲದ ಸ್ವರ ಯಾವುದೆಂದು ಗುರುತೇ ಸಿಗದಷ್ಟು ಅದು ಇಲ್ಲಿ ಮಣ್ಣಾಗಿದೆ.

ಕೇಳುವ ಏರ್ಪಾಡಿನ ಬಗ್ಗೆಯೂ ಟಿಪ್ಪಣಿಯಲ್ಲಿ ಸೂಚನೆ ಇದೆ. ಎರಡು ಸ್ಪೀಕರುಗಳ ಜೊತೆಗೆ ಮೂರನೆಯದೊಂದನ್ನು ಕೇಳುಗರ ಹಿಂದೆ ಇಟ್ಟು, ಅದರ ಎರಡು ತಂತಿಗಳನ್ನು ಎಡ ಮತ್ತು ಬಲ ಚಾನೆಲ್‌ಗಳ ಧನ ತುದಿಗಳಿಗೆ ಸೇರಿಸಬೇಕು. ಆಗ ಎರಡೂ ಕಡೆ ಸಮಾನವಾಗಿರುವ ಸದ್ದು ಕಳೆದುಹೋಗಿ, ಎಡಬಲಗಳ ವ್ಯತ್ಯಾಸವಷ್ಟೇ ಹಿಂದಿನಿಂದ ಕೇಳಿಸುತ್ತದೆ. ನಾನು ಹಳೆಯ ಆಂಪ್ಲಿಫೈಯರ್‌ಗೆ ಸಣ್ಣ ಸ್ಪೀಕರ್ ಒಂದನ್ನು ಹೀಗೆ ಜೋಡಿಸಿ ಚಾವಡಿಯ ಮೂಲೆಯಲ್ಲಿಟ್ಟೆ. ಪರಿಣಾಮ ದೊಡ್ಡದು: ಮುಂದೆ ಇದ್ದ ಚಿತ್ರ ಸುತ್ತಲೂ ಹರಡಿಕೊಂಡಿತು. ಆದರೆ ಎರಡೂ ಚಾನೆಲ್‌ಗಳಿಗೆ ಗ್ರೌಂಡ್ ಒಂದೇ ಆಗಿರುವ ಆಂಪ್ಲಿಫೈಯರ್‌ಗೆ ಮಾತ್ರ ಹೀಗೆ ಮಾಡಬೇಕು. ಈಗ ಸಿಗುವ ಅನೇಕ ಅಗ್ಗದ 'ಕ್ಲಾಸ್-ಡಿ' ಬಗೆಯ ಆಂಪ್ಲಿಫೈಯರ್ ಬೋರ್ಡುಗಳಲ್ಲಿ ಅದು ಒಂದೇ ಆಗಿರುವುದಿಲ್ಲ. ಜೋಡಿಸಿದರೆ ಬೋರ್ಡು ಸುಟ್ಟೀತು.

ದನಿ ಸಣ್ಣದಾಗಿರಲಿ, ಕಿಟಕಿ ತೆರೆದಿರಲಿ. ನಮ್ಮ ಅಂಗಳಕ್ಕೆ ಯಾರಾದರೂ ಇಳಿದರೆ ಹೊರಗಿನ ಕಪ್ಪೆಗಳು ಸುಮ್ಮನಾಗುತ್ತವೆ, ಮುದ್ರಿಕೆಯವು ಮುಂದುವರಿಯುತ್ತವೆ. ಎರಡನ್ನೂ ಬೇರೆ ಮಾಡಿ ಹೇಳಲು ಎಷ್ಟೋ ಸಲ ನನಗೆ ಅದೊಂದೇ ಗುರುತು ಸಿಕ್ಕಿತು.

ನನ್ನನ್ನು ಹೆಚ್ಚು ಹಿಡಿದದ್ದು 'ಲ್ಯಾಂಟರ್ನ್ ಮಾರ್ಶ್'. ಅದು ಈನೋ ಬೆಳೆದ ಊರಿನ ಹತ್ತಿರದ ಜೌಗು. ಆದರೆ ಈ ರಚನೆ ಹುಟ್ಟಿದ್ದು ಅಲ್ಲಿಗೆ ಹೋದ ನೆನಪಿನಿಂದಲ್ಲ, ನಕ್ಷೆಯಲ್ಲಿ ಆ ಹೆಸರನ್ನು ನೋಡಿ ಅದು ಹೇಗಿರಬಹುದೆಂದು ಕಲ್ಪಿಸಿದ್ದರಿಂದ ಎಂದು ಅವರೇ ಹೇಳಿದ್ದಾರೆ. ನನ್ನ ಅಜ್ಜಿಯ ತವರು ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಶರಾವತಿಯ ಹಿನ್ನೀರಿಗೆ ಸೇರಿತು. ಆ ಊರಿನ ಗದ್ದೆಬಯಲು, ಕೆರೆ, ದೇವಸ್ಥಾನದ ಮೆಟ್ಟಿಲು ನನಗೆ ಗೊತ್ತಿರುವುದು ಅವಳ ಬಾಯಿಂದ ಕೇಳಿದ ಹೆಸರುಗಳಾಗಿ ಮಾತ್ರ. ಕಾಣದ ಜಾಗಕ್ಕೂ ಒಂದು ಸದ್ದು ಇರುತ್ತದೆಂದು ಈ ಐದಾರು ನಿಮಿಷಗಳು ತೋರಿಸಿಕೊಟ್ಟವು. ಕೊನೆಯ ರಚನೆಯ ಹೆಸರಿನಲ್ಲಿರುವ ಡನಿಚ್ ಕೂಡ ಮಧ್ಯಯುಗದಲ್ಲಿ ದೊಡ್ಡ ಬಂದರಾಗಿದ್ದು, ಬಹುಪಾಲು ಸಮುದ್ರದ ಪಾಲಾದ ಊರು. ಆ ರಚನೆಯ ಗಿಟಾರಿನ ಸ್ವರಗಳು ದೂರದಿಂದ, ಒದ್ದೆಯಾದ ಗಾಳಿಯನ್ನು ದಾಟಿ ಬಂದಂತೆ ಕೇಳುತ್ತವೆ.

ಎಲ್ಲವೂ ಇದೇ ಮಟ್ಟದಲ್ಲಿಲ್ಲ. 'ಟಾಲ್ ಕೋಟ್'ನ ಗುಳುಗುಳು ಸದ್ದಿನಲ್ಲಿ ಸಿಂಥಸೈಜರ್ ತಾನೇ ಮುಂದೆ ಬಂದು ನಿಲ್ಲುತ್ತದೆ, ಜಾಗ ಮರೆಯಾಗುತ್ತದೆ. ಜಾನ್ ಹ್ಯಾಸೆಲ್ ಅವರ ಟ್ರಂಪೆಟ್ ಇರುವ 'ಶ್ಯಾಡೋ' ಮೂರು ನಿಮಿಷಕ್ಕೆ ಮುಗಿದುಹೋಗುವುದು ನನಗೆ ಈಗಲೂ ಕೊರತೆಯೇ.

ಮೊಬೈಲಿನ ಸ್ಪೀಕರಿನಲ್ಲಿ ಕೇಳಿ ತೀರ್ಮಾನಕ್ಕೆ ಬರಬಾರದು. 'ಲಿಜರ್ಡ್ ಪಾಯಿಂಟ್'ನ ತಳದ ಮಂದ್ರವೆಲ್ಲ ಅದರಲ್ಲಿ ಕಾಣೆಯಾಗುತ್ತದೆ. ಹಣ ಕೊಡದೆ ಕೇಳುವ ಸೇವೆಗಳಲ್ಲಿ ರಚನೆಗಳ ನಡುವೆ ಜಾಹೀರಾತು ನುಗ್ಗಿದರೆ ಅಷ್ಟು ಹೊತ್ತು ಕಟ್ಟಿದ್ದು ಕೆಡುತ್ತದೆ. 2018ರಲ್ಲಿ ಎರಡು ತಟ್ಟೆಗಳ ವಿನೈಲ್ ಆವೃತ್ತಿಯೂ ಬಂದಿದೆ. ನಡುವೆ ಮೂರು ಸಲ ಎದ್ದು ತಟ್ಟೆ ತಿರುಗಿಸಬೇಕಾಗುವುದರಿಂದ ನಾನು ಸಿ.ಡಿ.ಯನ್ನೇ ಆರಿಸಿಕೊಂಡೆ.