ಕಾರ್ಡ್ ಸಾಲ ತೀರಿಸಲು ಒಂದು ಎಕ್ಸೆಲ್ ಹಾಳೆ: ವರ್ಟೆಕ್ಸ್42 ಡೆಟ್ ರಿಡಕ್ಷನ್ ಕ್ಯಾಲ್ಕ್ಯುಲೇಟರ್ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದು ಆ್ಯಪ್ ಅಲ್ಲ. ಲಾಗಿನ್ ಇಲ್ಲ, ನೋಟಿಫಿಕೇಶನ್ ಇಲ್ಲ, ಬ್ಯಾಂಕಿನ ಪಾಸ್‌ವರ್ಡ್ ಕೇಳುವುದಿಲ್ಲ. ಬರೀ ಒಂದು ಎಕ್ಸೆಲ್ ಫೈಲು. ವರ್ಟೆಕ್ಸ್42 ಅನ್ನೋ ಟೆಂಪ್ಲೇಟ್ ಸೈಟಿನಲ್ಲಿ ಸಿಗುತ್ತದೆ, ಸ್ವಂತ ಬಳಕೆಗೆ ದುಡ್ಡು ಕೊಡಬೇಕಿಲ್ಲ. ನೋಡಲು ಥೇಟ್ ಆಫೀಸಿನ ಲೆಕ್ಕದ ಹಾಳೆ. ನನಗೆ ಅದೇ ಹಿಡಿಸಿತು. ದಿನವಿಡೀ ಬೇರೆಯವರ ಬಿಲ್ಲು, ವೋಚರು ತಾಳೆ ನೋಡುವ ಕೆಲಸ ನನ್ನದು. ಸಾಲ ತೀರಿಸುವ ಆ್ಯಪ್‌ಗಳಲ್ಲಿ ‘ಭೇಷ್, ಹೀಗೇ ಮುಂದುವರಿಯಿರಿ’ ಅಂತ ಬೆನ್ನು ತಟ್ಟುವ ಬೊಂಬೆ ಬಂತು ಅಂದರೆ ಸಾಕು, ಅದರ ಲೆಕ್ಕದ ಮೇಲೇ ನನಗೆ ಅನುಮಾನ ಶುರುವಾಗುತ್ತದೆ.

ನಮ್ಮ ಮನೆಯಲ್ಲಿ ನನ್ನ ಕ್ರೆಡಿಟ್ ಕಾರ್ಡು ಎರಡು, ಯಜಮಾನರದು ಎರಡು. ನಾಲ್ಕಕ್ಕೂ ನಾಲ್ಕು ಗಡುವು, ನಾಲ್ಕು ಬಡ್ಡಿ ದರ. ಅವರು ಅವರದು ಕಟ್ಟುತ್ತಿದ್ದರು, ನಾನು ನನ್ನದು. ಮನೆಯ ಒಟ್ಟು ಬಾಕಿ ಎಷ್ಟು ಅನ್ನೋದು ಒಂದೇ ಕಡೆ ಎಲ್ಲೂ ಬರೆದಿರಲಿಲ್ಲ. ಈ ಹಾಳೆಯಲ್ಲಿ ಮೊದಲು ಮಾಡಬೇಕಾದ್ದೇ ಅದು. ಒಂದೊಂದು ಸಾಲಕ್ಕೆ ಒಂದೊಂದು ಸಾಲು: ಹೆಸರು, ಬಾಕಿ, ಬಡ್ಡಿ ದರ, ತಿಂಗಳಿಗೆ ಕಟ್ಟುವ ಮೊತ್ತ. ತುಂಬುವುದಕ್ಕೆ ಹೆಚ್ಚು ಹೊತ್ತು ಬೇಡ. ದರ ಹುಡುಕುವುದಕ್ಕೇ ಜಾಸ್ತಿ ಹೊತ್ತು ಹೋಗುತ್ತದೆ, ಅದನ್ನು ಸ್ಟೇಟ್‌ಮೆಂಟಿನ ಕೊನೇ ಪುಟದ ಇರುವೆ ಗಾತ್ರದ ಅಕ್ಷರದಲ್ಲಿ ಅಡಗಿಸಿಟ್ಟಿರುತ್ತಾರೆ.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ಕೆಲವು ಬ್ಯಾಂಕುಗಳು ತಿಂಗಳ ದರ ಕೊಡುತ್ತವೆ, ಹಾಳೆ ಕೇಳುವುದು ವರ್ಷದ ದರ. ತಿಂಗಳಿಗೆ 3% ಅಂತಿದ್ದರೆ 36% ಅಂತ ಹಾಕಬೇಕು. ಇನ್ನೊಂದು, ಕಾರ್ಡಿನಿಂದ ನಗದು ತೆಗೆದಿದ್ದರೆ ಅದಕ್ಕೆ ಸಾಮಾನ್ಯವಾಗಿ ಬೇರೆಯದೇ ದರ, ತೆಗೆದ ದಿನದಿಂದಲೇ ಬಡ್ಡಿ. ಅಂಥದ್ದನ್ನು ಖರೀದಿಯ ಬಾಕಿ ಜೊತೆ ಕಲಸಬೇಡಿ, ಒಂದೇ ಕಾರ್ಡಾದರೂ ಎರಡು ಸಾಲು ಮಾಡಿ.

ಈಗ ಈ ಹಾಳೆಯ ಜೀವಾಳಕ್ಕೆ ಬರುತ್ತೇನೆ. ಅದು ಒಂದೇ ಒಂದು ಚೌಕ. ತಿಂಗಳಿಗೆ ಒಟ್ಟು ಎಷ್ಟು ಕಟ್ಟುತ್ತೀರಿ ಅಂತ ಅದು ಕೇಳುತ್ತದೆ. ಅಲ್ಲಿ ಒಂದು ಅಂಕಿ ಹಾಕಿದರೆ ಕೊನೇ ಸಾಲ ತೀರುವವರೆಗೂ ಅಷ್ಟೇ ಮೊತ್ತ ಕಟ್ಟುತ್ತೀರಿ ಅಂತ ಹಾಳೆ ಲೆಕ್ಕ ಹಾಕುತ್ತದೆ. ಒಂದು ಕಾರ್ಡ್ ಮುಗಿದರೆ ಅದಕ್ಕೆ ಹೋಗುತ್ತಿದ್ದ ದುಡ್ಡು ಕೈಗೆ ವಾಪಸ್ ಬರುವುದಿಲ್ಲ, ಮುಂದಿನ ಕಾರ್ಡಿಗೆ ಸೇರಿಕೊಳ್ಳುತ್ತದೆ.

ಇದೇನು ಮಹಾ ಅನ್ನಿಸಬಹುದು. ಬ್ಯಾಂಕು ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ. ಬಾಕಿ ಇಳಿದ ಹಾಗೆ ಮಿನಿಮಮ್ ಮೊತ್ತವನ್ನೂ, ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತವನ್ನೂ, ಇಳಿಸುತ್ತಾ ಹೋಗುತ್ತದೆ. ಲೆಕ್ಕ ನೋಡಿ. 1,00,000 ಬಾಕಿ, ತಿಂಗಳಿಗೆ 3% ಬಡ್ಡಿ, ಮಿನಿಮಮ್ ಬಾಕಿಯ 5% ಅಂತಿಟ್ಟುಕೊಳ್ಳಿ. ಮೊದಲ ತಿಂಗಳು 5,000 ಕಟ್ಟುತ್ತೀರಿ. ಅದರಲ್ಲಿ 3,000 ಬಡ್ಡಿಗೇ ಹೋಯಿತು, ಅಸಲು ಇಳಿದಿದ್ದು 2,000. ಮುಂದಿನ ತಿಂಗಳು ಬ್ಯಾಂಕು 4,900 ಸಾಕು ಅನ್ನುತ್ತದೆ. ಅದರ ಮುಂದಿನ ತಿಂಗಳು ಇನ್ನೂ ಕಡಿಮೆ. ಹೀಗೆ 31 ತಿಂಗಳು ಕೇಳಿದಷ್ಟೇ ಕಟ್ಟಿದರೆ ಇನ್ನೂ 53,000ಕ್ಕೂ ಜಾಸ್ತಿ ಬಾಕಿ ಉಳಿದಿರುತ್ತದೆ. ಅದೇ ಮೊದಲ ತಿಂಗಳ 5,000ವನ್ನು ಇಳಿಸದೆ ಕಟ್ಟುತ್ತಾ ಹೋದರೆ? ಆ 31 ತಿಂಗಳಿಗೆ ಸಾಲವೇ ಇಲ್ಲ. 7,000 ಕಟ್ಟಿದರೆ 19 ತಿಂಗಳು. ಇವೆಲ್ಲ ಹೊಸದಾಗಿ ಏನೂ ಖರೀದಿಸದಿದ್ದರೆ ಮಾತ್ರ. ನಂಬಿಕೆ ಬರದಿದ್ದರೆ ಎಕ್ಸೆಲ್‌ನ ಎನ್‌ಪರ್ (NPER, ಸಾಲ ತೀರಲು ಎಷ್ಟು ತಿಂಗಳು ಬೇಕು ಅಂತ ಹೇಳುವ) ಫಾರ್ಮುಲಾದಲ್ಲಿ ನೀವೇ ಹಾಕಿ ನೋಡಿ.

ಯಜಮಾನರಿಗೆ ಬಾಯಲ್ಲಿ ಎಷ್ಟು ಸಲ ಹೇಳಿದ್ದರೂ ತಲೆಗೆ ಹೋಗಿರಲಿಲ್ಲ. ಆ ಚೌಕದಲ್ಲಿ ಅಂಕಿ ಸ್ವಲ್ಪ ಏರಿಸಿದ ಕೂಡಲೇ ಪಕ್ಕದಲ್ಲಿ ಸಾಲ ತೀರುವ ತಿಂಗಳು ಹಿಂದೆ ಸರಿಯಿತು. ಅವರು ನನ್ನ ಕೈಯಿಂದ ಮೌಸ್ ಕಿತ್ತುಕೊಂಡು ತಾವೇ ಏರಿಸಿ ಇಳಿಸಿ ನೋಡತೊಡಗಿದರು. ಆಮೇಲೆ ಸುಮ್ನೆ ಕಟ್ಟುತ್ತಿದ್ದ ಎರಡು ಚಂದಾಗಳನ್ನು ಅವರೇ ನಿಲ್ಲಿಸಿದರು. ನಾನು ಹೇಳಿದ್ದರೆ ನಿಲ್ಲಿಸುತ್ತಿದ್ದರಾ? ಇಲ್ಲ ಬಿಡಿ.

ಯಾವ ಸಾಲ ಮೊದಲು ತೀರಿಸಬೇಕು ಅನ್ನುವುದಕ್ಕೂ ಹಾಳೆಯಲ್ಲಿ ಆಯ್ಕೆ ಇದೆ. ಕಡಿಮೆ ಬಾಕಿಯದು ಮೊದಲು ಅಂದರೆ ಸ್ನೋಬಾಲ್, ಜಾಸ್ತಿ ಬಡ್ಡಿಯದು ಮೊದಲು ಅಂದರೆ ಅವಲಾಂಚ್. ನಮಗೆ ಬೇಕಾದ ಕ್ರಮವನ್ನೂ ಕೊಡಬಹುದು. ನನ್ನ ಮತ ಅವಲಾಂಚ್‌ಗೆ, ಬಡ್ಡಿ ಉಳಿತಾಯ ಆಗುವುದು ಅದರಲ್ಲೇ. ಯಜಮಾನರು ‘ಮೊದಲು ಒಂದು ಕಾರ್ಡು ಮನೆಯಿಂದ ಆಚೆ ಹೋಗಲಿ’ ಅಂದರು. ಎರಡನ್ನೂ ಹಾಕಿ ಒಟ್ಟು ಬಡ್ಡಿ ಹೋಲಿಸಿದೆವು. ನಮ್ಮ ಲೆಕ್ಕದಲ್ಲಿ ವ್ಯತ್ಯಾಸ ಅಂಥ ದೊಡ್ಡದೇನಲ್ಲ, ಹಾಗಾಗಿ ಅವರ ಮಾತೇ ನಡೆಯಿತು. ಅವರ ಕಡೆಗೂ ಆಧಾರವಿದೆ ಅನ್ನಿ. ಸಂಶೋಧಕರಾದ ಡೇವಿಡ್ ಗಾಲ್ ಮತ್ತು ಬ್ಲೇಕ್ಲಿ ಮೆಕ್‌ಶೇನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊತ್ತ ಎಷ್ಟೇ ಇರಲಿ, ಸಾಲದ ಖಾತೆಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದವರು ಪೂರ್ತಿ ಸಾಲ ತೀರಿಸುವ ಸಾಧ್ಯತೆ ಜಾಸ್ತಿ ಅಂತ ಕಂಡುಬಂದಿತ್ತು. ಆದರೆ ಒಂದು ಕಾರ್ಡಿನ ದರ ಉಳಿದವಕ್ಕಿಂತ ತೀರಾ ಜಾಸ್ತಿ ಇದ್ದರೆ ನಾನು ಈ ಮಾತಿಗೆ ಒಪ್ಪುತ್ತಿರಲಿಲ್ಲ. ಅಂಥಲ್ಲಿ ಹಾಳೆಯ ಅಂಕಿ ನೋಡಿಯೇ ನಿರ್ಧರಿಸಿ.

ಹಾಳೆಗೆ ಗೊತ್ತಾಗದ ಸಂಗತಿಗಳೂ ಇವೆ. ಅದು ತಿಂಗಳ ಲೆಕ್ಕದಲ್ಲಿ ಬಡ್ಡಿ ಹಾಕುತ್ತದೆ, ಕಾರ್ಡಿನ ಬಡ್ಡಿ ಹೆಚ್ಚಾಗಿ ದಿನದ ಲೆಕ್ಕ. ಹಾಗಾಗಿ ಸ್ಟೇಟ್‌ಮೆಂಟಿಗೂ ಹಾಳೆಗೂ ಪೈಸೆ ಪೈಸೆ ತಾಳೆ ಆಗುವುದಿಲ್ಲ. ಇದರಿಂದ ಮೊದಲ ಕಾರ್ಡ್ ಮುಗಿದಾಗ ಒಂದು ತಮಾಷೆ ನಡೆಯಿತು. ಸ್ಟೇಟ್‌ಮೆಂಟಿನಲ್ಲಿದ್ದ ಪೂರ್ತಿ ಮೊತ್ತ ಕಟ್ಟಿದೆವು. ಹಾಳೆಯಲ್ಲಿ ಸೊನ್ನೆ. ಮುಂದಿನ ತಿಂಗಳು ಮತ್ತೆ ಸ್ಟೇಟ್‌ಮೆಂಟ್ ಬಂತು, ಅದರಲ್ಲಿ ಚಿಲ್ಲರೆ ಬಡ್ಡಿ. ‘ನಿನ್ನ ಹಾಳೆ ಸುಳ್ಳು ಹೇಳಿತಲ್ಲ’ ಅಂತ ಯಜಮಾನರು. ಆ ಬ್ಯಾಂಕಿನ ಕಸ್ಟಮರ್ ಕೇರ್‌ನವರು ಅದೇ ಮೊತ್ತವನ್ನು ನನಗೆ ಮತ್ತೆ ಮತ್ತೆ ಓದಿ ಹೇಳಿದರೇ ಹೊರತು ಯಾಕೆ ಬಂತು ಅಂತ ಹೇಳಲಿಲ್ಲ. ಮೇಲಿನವರಿಗೆ ಲೈನ್ ಕೊಡಿ ಅಂದ ಮೇಲೆ ಗೊತ್ತಾಯಿತು: ಸ್ಟೇಟ್‌ಮೆಂಟ್ ತಯಾರಾದ ದಿನದಿಂದ ನಮ್ಮ ದುಡ್ಡು ಮುಟ್ಟಿದ ದಿನದವರೆಗಿನ ಬಡ್ಡಿ ಅದು. ಬಾಕಿ ಮುಂದೂಡುತ್ತಾ ಬಂದ ಕಾರ್ಡುಗಳಲ್ಲಿ ಇದು ಮಾಮೂಲು. ಚಿಲ್ಲರೆ ಅಂತ ಬಿಟ್ಟರೆ ಅದರ ಮೇಲೆ ಲೇಟ್ ಫೀ ಬೀಳಬಹುದು. ಕಾರ್ಡ್ ಮುಗಿಯಿತು ಅಂದುಕೊಂಡ ಮೇಲೂ ಒಂದೆರಡು ಸ್ಟೇಟ್‌ಮೆಂಟ್ ತೆರೆದು ನೋಡಿ.

ಹೊಸ ಖರೀದಿಯೂ ಹಾಳೆಗೆ ಗೊತ್ತಿಲ್ಲ. ಬಾಕಿ ಉಳಿಸಿಕೊಂಡ ಕಾರ್ಡಿನಲ್ಲಿ ಸಾಮಾನ್ಯವಾಗಿ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ, ಸ್ವೈಪ್ ಮಾಡಿದ ದಿನದಿಂದಲೇ ಬಡ್ಡಿ ಓಡುತ್ತದೆ. ಅದಕ್ಕೇ ಪಟ್ಟಿಯಲ್ಲಿರುವ ಯಾವ ಕಾರ್ಡನ್ನೂ ಉಜ್ಜುವುದಿಲ್ಲ ಅಂತ ನಮ್ಮಿಬ್ಬರಲ್ಲಿ ಒಪ್ಪಂದ. ಬಾಕಿಯನ್ನು ಬೇರೆ ಕಾರ್ಡಿಗೆ ವರ್ಗಾಯಿಸಿ ಕೆಲವು ತಿಂಗಳು ಕಡಿಮೆ ಬಡ್ಡಿಯ ಆಫರ್ ತಗೊಂಡಿದ್ದರೆ, ಅವಧಿ ಮುಗಿದ ತಿಂಗಳು ನೀವೇ ಬಂದು ದರ ಬದಲಾಯಿಸಬೇಕು. ವರ್ಗಾವಣೆ ಶುಲ್ಕವನ್ನೂ ಬಾಕಿಗೆ ಸೇರಿಸಲು ಮರೆಯಬೇಡಿ.

ಬೋನಸ್ಸೋ ಮತ್ತೊಂದೋ ಬಂದ ತಿಂಗಳು ಜಾಸ್ತಿ ಕಟ್ಟಿದರೆ, ಪೇಮೆಂಟ್ ಶೆಡ್ಯೂಲ್ ಹಾಳೆಯಲ್ಲಿ ಆ ತಿಂಗಳಿಗೆ ಮಾತ್ರ ಅದನ್ನು ಸೇರಿಸಬಹುದು. ಇದು ಒಳ್ಳೆಯ ಅನುಕೂಲ. ಮೊಬೈಲಿನಲ್ಲಿ ಮಾತ್ರ ಬಳಸಲು ಹೋಗಬೇಡಿ, ಕಣ್ಣು ನೋವು ಬರುತ್ತದೆ. ಹಾಳೆ ಇಂಗ್ಲಿಷಿನಲ್ಲಿದೆ, ತಲೆಬರಹಗಳನ್ನು ನಾನು ಕನ್ನಡಕ್ಕೆ ಬದಲಾಯಿಸಿಕೊಂಡೆ.

ಯಾರಿಗೆ ಇದು ಬೇಡ? ಎಲ್ಲ ಕಾರ್ಡುಗಳ ಮಿನಿಮಮ್ ಸೇರಿಸಿದರೇ ತಿಂಗಳ ಸಂಪಾದನೆಗೆ ಮೀರುತ್ತದೆ ಅನ್ನುವವರಿಗೆ. ಅವರಿಗೆ ಯಾವ ಹಾಳೆಯೂ ದಾರಿ ತೋರಿಸುವುದಿಲ್ಲ. ಗಡುವು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ದರ ಇಳಿಸುತ್ತೀರಾ, ಕಂತು ಮಾಡಿಕೊಡುತ್ತೀರಾ ಅಂತ ಕೇಳುವುದೇ ಸರಿ. ಒಪ್ಪಿದ್ದನ್ನು ಬರಹದಲ್ಲಿ ತಗೊಳ್ಳಿ. ಉಳಿದವರಿಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಡೌನ್‌ಲೋಡ್ ಮಾಡಿದ ಕೂಡಲೇ ಖಾಲಿ ಫೈಲಿನ ಒಂದು ಪ್ರತಿ ಬೇರೆ ಇಟ್ಟುಕೊಳ್ಳಿ, ಫಾರ್ಮುಲಾ ಇರುವ ಚೌಕದ ಮೇಲೆ ಯಾರಾದರೂ ಅಂಕಿ ಒತ್ತಿಬಿಟ್ಟರೆ ಕೆಳಗಿನ ಲೆಕ್ಕವೆಲ್ಲ ಕೆಡುತ್ತದೆ.