ವಿನೀರ್ ಕತ್ತರಿಸಲು ಅಗಲ ಉಳಿ: ನನ್ನ ಓಟು ಹಳೇ ಕೀಸುಳಿಯ ಅಲಗಿಗೆ

ವಿನೀರ್, ಅಂದರೆ ಮರದ ತೆಳು ಹಾಳೆ, ಕತ್ತರಿಸಲು ಕಡಿಮೆ ಬೆಲೆಯ ಅಗಲ ಉಳಿ ಹುಡುಕುತ್ತಿರುವವರಿಗೆ ನನ್ನ ಸಲಹೆ ಇಷ್ಟು: ಹೊಸ ಉಳಿಗೆ ದುಡ್ಡು ಹಾಕುವ ಮುಂಚೆ ಗುಜರಿ ಅಂಗಡಿಗೆ ಹೋಗಿ, ಕಬ್ಬಿಣದ ಕೀಸುಳಿಯ (ಮರ ಕೀಸಿ ನಯಮಾಡುವ ಸಲಕರಣೆಯ) ಹಳೇ ಅಲಗು ಸಿಗುತ್ತದೆಯೇ ನೋಡಿ. ಎರಡು ಇಂಚು ಅಗಲದ್ದು ಸಾಕು. ನನಗೆ ಶಿವಮೊಗ್ಗದಲ್ಲಿ 150 ರೂಪಾಯಿಗೆ ಸಿಕ್ಕಿತು. ಅದಕ್ಕೂ ಮುಂಚೆ ಆನ್‌ಲೈನ್‌ನಲ್ಲಿ 50 ಮಿ.ಮೀ. ಉಳಿಯೊಂದನ್ನು 900 ರೂಪಾಯಿ ಕೊಟ್ಟು ತರಿಸಿದ್ದೆ. ಗಾಂಧಿ ಬಜಾರಿನ ಹಾರ್ಡ್‌ವೇರ್ ಅಂಗಡಿಯ 38 ಮಿ.ಮೀ. ಉಳಿ ಇದೆ, ತೀರ್ಥಹಳ್ಳಿ ಕಡೆಯ ಕುಲುಮೆಯಲ್ಲಿ ಮಾಡಿಸಿದ ಎರಡೂವರೆ ಇಂಚಿನದೂ ಇದೆ. ನಾಲ್ಕನ್ನೂ ಒಂದೇ ಕೆಲಸಕ್ಕೆ ಹಚ್ಚಿ ನೋಡಿದ್ದೇನೆ.

ಕೆಲಸವೆಂದರೆ ಟೀಪಾಯಿಯ ಮೇಲ್ಮೈಗೆ ಬೀಟೆ ಮತ್ತು ಹೊನ್ನೆಯ ವಿನೀರಿನಲ್ಲಿ ಚದುರಂಗದ ಮನೆಗಳನ್ನು ಕೂರಿಸುವುದು, ಸುತ್ತ ಅಂಚುಪಟ್ಟಿ ಕಟ್ಟುವುದು. ಮಲೆನಾಡಿನಲ್ಲಿ ಕೂತು ವಿನೀರ್ ಯಾಕೆ ಎಂದು ಕೇಳುವವರಿದ್ದಾರೆ. ಬೀಟೆ ಮರ ಕಡಿಯಲೂ ಸಾಗಿಸಲೂ ಅರಣ್ಯ ಇಲಾಖೆಯ ಪರವಾನಗಿ ಬೇಕು. ಹಳೇ ಮನೆ ಬಿಚ್ಚಿದಾಗ ಸಿಗುವ ಹಲಗೆಗೂ ಈಗ ಹೇಳಿದ್ದೇ ಬೆಲೆ. ಅರ್ಧ ಮಿ.ಮೀ. ದಪ್ಪದ ಹಾಳೆಯಾದರೆ ಒಂದೆರಡರಲ್ಲಿ ಇಡೀ ಟೀಪಾಯಿ ಮುಗಿಯುತ್ತದೆ, ಬೀಟೆಯ ಆ ಕಪ್ಪು ಗೆರೆಗಳ ಚೆಂದವೂ ಸಿಗುತ್ತದೆ.

ಕಟ್ಟರ್ ಸಾಲದೇ ಎನ್ನುವುದು ಎರಡನೇ ಪ್ರಶ್ನೆ. ಹೊಸ ಬ್ಲೇಡು ಹಾಕಿ, ಒಂದೇ ಸಲ ಅದುಮದೆ ಹಗುರವಾಗಿ ನಾಲ್ಕೈದು ಸಲ ಎಳೆದರೆ ಉದ್ದನೆಯ ಕಡಿತಕ್ಕೆ ಸಾಕು. ಆದರೆ ಬೀಟೆ, ಸಾಗುವಾನಿಯಂಥ ಮರಗಳಲ್ಲಿ ನಾರು ಬ್ಲೇಡನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ನೇರಕ್ಕೆಂದು ಇಟ್ಟ ಪಟ್ಟಿಯ ಪಕ್ಕದಲ್ಲೇ ಹೋಗುತ್ತಿದ್ದ ಗೆರೆ ನಡುವೆ ಕೂದಲೆಳೆಯಷ್ಟು ಆಚೆ ಸರಿದಿರುತ್ತದೆ. ಎರಡು ತುಂಡು ಜೋಡಿಸಿದಾಗಲೇ ಅದು ಕಾಣುವುದು. ನಾರಿಗೆ ಅಡ್ಡಲಾಗಿ ಎಳೆದರೆ ಕೊನೆಯ ಮೂಲೆ ಸೀಳಿ ಹಾರಿಹೋಗುತ್ತದೆ. ಉಳಿಯಲ್ಲಿ ಈ ಎಳೆದಾಟ ಇಲ್ಲ. ಬಾಯಿ ಪೂರ್ತಿ ಒಮ್ಮೆಗೇ ಕೆಳಗಿಳಿಯುವುದರಿಂದ ನಾರಿಗೆ ದಾರಿ ತಪ್ಪಿಸಲು ಅವಕಾಶವೇ ಸಿಗುವುದಿಲ್ಲ. ಅಗಲ ಬೇಕಾಗುವುದೂ ಇದಕ್ಕೇ. ನನ್ನ ಚದುರಂಗದ ಮನೆ 45 ಮಿ.ಮೀ.; 50ರ ಅಲಗಿನಲ್ಲಿ ಒಂದು ಬದಿ ಒಂದೇ ಒತ್ತಿಗೆ ಮುಗಿಯುತ್ತದೆ, 38ರಲ್ಲಿ ಎರಡು ಸಲ ಒತ್ತಬೇಕು. ಎರಡು ಒತ್ತು ಸೇರುವ ಕಡೆಯೇ ತೊಂದರೆ ಶುರುವಾಗುವುದು.

ಈಗ ಆ 900 ರೂಪಾಯಿಯ ಉಳಿಯ ವಿಷಯ. ಉಕ್ಕು ಚೆನ್ನಾಗಿದೆ, ಹಿಡಿ ಕೈಗೆ ಹಿತವಾಗಿದೆ, ಹರಿತವೂ ಬಹಳ ಹೊತ್ತು ನಿಲ್ಲುತ್ತದೆ. ಕೆಟ್ಟಿರುವುದು ಅದರ ಬೆನ್ನು. ಓರೆ ಇಲ್ಲದ, ಚಪ್ಪಟೆಯಾಗಿರಬೇಕಾದ ಆ ಮುಖ ನಡುವೆ ಉಬ್ಬಿದೆ. ಕಣ್ಣಿಗೆ ಕಾಣುವುದಿಲ್ಲ. ಸ್ಟೀಲ್ ಸ್ಕೇಲನ್ನು ಅಡ್ಡ ಇಟ್ಟು ಬೆಳಕಿಗೆ ಹಿಡಿದರೆ ಎರಡೂ ತುದಿಯಲ್ಲಿ ಬೆಳಕು ಹಾಯುತ್ತದೆ, ಸ್ಕೇಲು ಅಲ್ಲಾಡುತ್ತದೆ.

ಬಾಗಿಲ ಚೌಕಟ್ಟಿಗೆ ತೂತು ಹೊಡೆಯುವವರಿಗೆ ಈ ಉಬ್ಬಿನಿಂದ ಏನೂ ಆಗುವುದಿಲ್ಲ. ವಿನೀರಿನಲ್ಲಿ ಬೆನ್ನೇ ದಾರಿ ತೋರಿಸುವುದು. ನಾನು ಒಂದಿಂಚು ದಪ್ಪದ, ನೇರವಾಗಿ ಕೀಸಿದ ಸಾಗುವಾನಿ ಪಟ್ಟಿಯನ್ನು ಗೆರೆಯ ಮೇಲಿಟ್ಟು ಕ್ಲ್ಯಾಂಪ್ ಬಿಗಿಯುತ್ತೇನೆ. ಉಳಿಯ ಬೆನ್ನನ್ನು ಅದಕ್ಕೆ ಆನಿಸಿ ನೆಟ್ಟಗೆ ಕೆಳಗೆ ಒತ್ತುತ್ತೇನೆ. ಓರೆ ಮುಖ ಯಾವಾಗಲೂ ಬಿಸಾಡುವ ತುಂಡಿನ ಕಡೆಗೆ. ಬೆನ್ನು ಉಬ್ಬಿದ್ದರೆ ಪಟ್ಟಿಗೆ ತಾಗುವುದು ನಡುಭಾಗ ಮಾತ್ರ. ಕೈ ಸ್ವಲ್ಪ ತಿರುಗಿದರೂ ಉಳಿ ಆ ಉಬ್ಬಿನ ಮೇಲೆ ತಿರುಗುತ್ತದೆ. ಮೊದಲ ಒತ್ತು ಸರಿಯಾಗಿ ಬಿದ್ದಿತು ಎನ್ನೋಣ. ಉದ್ದದ ಕಡಿತದಲ್ಲಿ ಮುಂದಿನ ಒತ್ತಿಗೆ ಉಳಿಯ ಬಾಯಿಯ ಮೂರರಲ್ಲೊಂದು ಪಾಲನ್ನು ಹಿಂದಿನ ಸೀಳಿನಲ್ಲೇ ಕೂರಿಸಿ ಮುಂದೆ ಸರಿಯಬೇಕು. ಅಲ್ಲಿ ಬೆನ್ನು ಓಲಾಡಿದರೆ ಪ್ರತಿ ಒತ್ತೂ ತನ್ನದೇ ದಿಕ್ಕು ಹಿಡಿಯುತ್ತದೆ. ಅಂಚು ನೇರ ಬರುವ ಬದಲು ಸಣ್ಣ ಸಣ್ಣ ಅಲೆಯಾಗಿ ಬರುತ್ತದೆ. ಎರಡು ಹಾಳೆ ಒಂದರ ಮೇಲೊಂದು ಇಟ್ಟು ಕತ್ತರಿಸಿದರಂತೂ ಮೇಲಿನದಕ್ಕೂ ಕೆಳಗಿನದಕ್ಕೂ ತಾಳೆಯೇ ಆಗುವುದಿಲ್ಲ. ಹೊನ್ನೆಯ ಪಕ್ಕದಲ್ಲಿ ಬೀಟೆ ಕೂರಿಸಿದಾಗ ನಡುವಿನ ಸಂದು ದೂರದಿಂದಲೇ ಕಾಣುತ್ತದೆ. ಪಾಲಿಷ್ ಹಾಕಿದ ಮೇಲಂತೂ ಇನ್ನೂ ಎದ್ದು ಕಾಣುತ್ತದೆ.

ಉಜ್ಜಿ ಚಪ್ಪಟೆ ಮಾಡಬಹುದಲ್ಲ ಎನ್ನಬಹುದು. ದಪ್ಪ ಗಾಜಿನ ಮೇಲೆ 220 ನಂಬರಿನ ವಾಟರ್ ಪೇಪರ್ ಅಂಟಿಸಿ, ಉಳಿಯ ಬೆನ್ನಿಗೆ ಮಾರ್ಕರ್ ಬಳಿದು ಉಜ್ಜಿದೆ. ಬಣ್ಣ ಹೋದದ್ದು ನಡುವೆ ಮಾತ್ರ. ಗುಳಿಬಿದ್ದ ಬೆನ್ನಾದರೆ ಅಂಚುಗಳ ಮೇಲೆ ಸ್ಥಿರವಾಗಿ ನಿಂತು ತಾನಾಗಿಯೇ ಸಮವಾಗುತ್ತದೆ; ಜಪಾನಿನ ಉಳಿಗಳಲ್ಲಿ ಬೇಕೆಂದೇ ಬೆನ್ನಿಗೆ ಗುಳಿ ಕೊಟ್ಟಿರುತ್ತಾರೆ. ಉಬ್ಬಿದ್ದು ಹಾಗಲ್ಲ. ಬೆರಳಿನ ಭಾರ ಯಾವ ಕಡೆ ಹೆಚ್ಚಾಯಿತೋ ಆ ಕಡೆಗೆ ವಾಲುತ್ತದೆ, ಉಜ್ಜಿದಷ್ಟೂ ಉಬ್ಬಾಗಿಯೇ ಉಳಿಯುತ್ತದೆ. ಅಗಲ ಹೆಚ್ಚಿದಂತೆ ತೆಗೆಯಬೇಕಾದ ಉಕ್ಕೂ ಹೆಚ್ಚು. ಅರ್ಧ ಇಂಚಿನ ಉಳಿಯಲ್ಲಿ ಬೇಗ ಮುಗಿಯುವ ಕೆಲಸ ಎರಡು ಇಂಚಿನದರಲ್ಲಿ ಬೆರಳ ತುದಿ ಸವೆಸುತ್ತದೆ. ಮಾರಿದವರು ವಾಪಸು ತೆಗೆದುಕೊಳ್ಳಲಿಲ್ಲ, ‘ಹರಿತ ಇದೆಯಲ್ಲ’ ಎಂದರು. ಹರಿತದ ಬಗ್ಗೆ ನನ್ನ ತಕರಾರೇ ಇರಲಿಲ್ಲ.

ಕುಲುಮೆಯ ಉಳಿಯ ಮೇಲೆ ನನಗೆ ತುಂಬ ಆಸೆ ಇತ್ತು. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದದ್ದು. ಆಚಾರ್ರು ಮೊದಲೇ ಎಚ್ಚರಿಸಿದ್ದರು: ‘ಹೊಡೆಯೋದೇ ಇಲ್ಲ, ಬರೀ ಒತ್ತೋದಾ? ಅಂಥ ಉಳಿ ಇಲ್ಲಿ ಯಾರೂ ಕೇಳಿಲ್ಲ ಮಾರಾಯ್ರೆ.’ ಅವರ ಕೈ ಪಳಗಿರುವುದು ಕತ್ತಿ, ಹಾರೆ, ಅಡಿಕೆ ಸುಲಿಯುವ ಮೆಟ್ಟುಗತ್ತಿಗಳಲ್ಲಿ. ಪೆಟ್ಟು ತಿಂದರೂ ಮುಕ್ಕಾಗದಂತೆ ಹದ ಹಾಕುತ್ತಾರೆ. ಅದೇ ಹದದಿಂದಾಗಿ ವಿನೀರಿಗೆ ಬೇಕಾದ ಸೂಕ್ಷ್ಮ ಹರಿತ ಬಹಳ ಹೊತ್ತು ನಿಲ್ಲಲಿಲ್ಲ. ಸುತ್ತಿಗೆ ಏಟಿನ ಗುಳಿಗಳನ್ನು ಬೆನ್ನಿನಿಂದ ತೆಗೆಯಲು ಅರ ಹಿಡಿದು ಕೂರಬೇಕಾಯಿತು. ಬಾಗಿಲ ಕೀಲಿಗೆ ಜಾಗ ಕೆತ್ತಲು ಇಷ್ಟು ಒಳ್ಳೆಯ ಉಳಿ ನನ್ನ ಹತ್ತಿರ ಇನ್ನೊಂದಿಲ್ಲ. ಆಚಾರ್ರ ಕೆಲಸಕ್ಕೆ ಕೊಟ್ಟ 600 ರೂಪಾಯಿ ಸಾರ್ಥಕವೇ.

ಹಾರ್ಡ್‌ವೇರ್ ಅಂಗಡಿಯ 38ರದ್ದು ಪರವಾಗಿಲ್ಲ. ಬೆನ್ನು ಸುಮಾರಾಗಿ ಚಪ್ಪಟೆ, ಬೆಲೆ 350. ಸಣ್ಣ ತುಂಡುಗಳಿಗೆ ಧಾರಾಳ ಸಾಕು.

ಕೀಸುಳಿಯ ಅಲಗು ಗೆಲ್ಲುವುದು ಅದು ಹುಟ್ಟಿದ ಕೆಲಸದಿಂದಾಗಿ. ಕೀಸುಳಿಯಲ್ಲಿ ಅಲಗಿನ ಬೆನ್ನಿನ ಮೇಲೆ ಇನ್ನೊಂದು ತಗಡು ಬಿಗಿಯಾಗಿ ಕೂರಬೇಕು, ಕೂದಲೆಳೆ ಸಂದಿದ್ದರೂ ಕೀಸಿದ ಮರದ ಸುರುಳಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಬಳಸಿದವರು ಬಾಯಿಯ ಹತ್ತಿರದ ಬೆನ್ನನ್ನು ಆಗಲೇ ಉಜ್ಜಿ ಸಮ ಮಾಡಿರುತ್ತಾರೆ. ನನ್ನದರಲ್ಲಿ ತುಕ್ಕಿನಡಿ ಹೊಳಪು ಹಾಗೇ ಇತ್ತು. ದಪ್ಪ ಬರೀ ಎರಡು ಮಿ.ಮೀ. ಸುಮಾರು, ತೀರಾ ತೆಳು ಅನ್ನಿಸಬಹುದು. ಅರ್ಧ ಮಿ.ಮೀ. ಹಾಳೆಗೆ ಒಳಗಿಳಿಯುವುದು ಬಾಯಿಯ ತುದಿ ಮಾತ್ರ. ಮೇಲಿನ ದಪ್ಪ ಲೆಕ್ಕಕ್ಕೇ ಬರುವುದಿಲ್ಲ, ತುದಿಯ ಕೋನ ಬರುತ್ತದೆ. 25 ಡಿಗ್ರಿಗೆ ಮಸೆದಿದ್ದೇನೆ.

ಬಾಯಿ ನಡುವೆ ಸ್ವಲ್ಪ ಬಿಲ್ಲಿನಂತೆ ಇದ್ದರೆ ಗುಂಡಾಗಿ ಮಸೆದಿದ್ದಾರೆಂದು ಅರ್ಥ, ಅದನ್ನು ನೇರ ಮಾಡಿಕೊಳ್ಳಿ. ಗ್ರೈಂಡರಿಗೆ ಹಿಡಿದರೆ ಕ್ಷಣಕ್ಷಣಕ್ಕೂ ನೀರಿನಲ್ಲಿ ಅದ್ದಬೇಕು. ಉಕ್ಕು ನೀಲಿಗೆ ತಿರುಗಿತೆಂದರೆ ಹದ ಹೋಯಿತು. ಹಿಡಿಯಿಲ್ಲದ ಅಲಗನ್ನು ಬರಿಗೈಯಲ್ಲಿ ಒತ್ತಿದರೆ ಅಂಗೈ ಉರಿಯುತ್ತದೆ. ಅಲಗಿನ ನಡುವೆ ಉದ್ದನೆಯ ಸೀಳು ಇದ್ದೇ ಇರುತ್ತದಲ್ಲ, ಅದರ ಮೂಲಕ ಬೋಲ್ಟು ಹಾಯಿಸಿ ಹಲಸಿನ ಮರದ ಎರಡು ತುಂಡುಗಳ ನಡುವೆ ಬಿಗಿದೆ. ಈಗ ಎರಡೂ ಕೈ ಇಟ್ಟು ಮೈಭಾರ ಹಾಕಿ ಒತ್ತಬಹುದು. ಕೊಡತಿ ಏಟು ಮಾತ್ರ ಇದಕ್ಕೆ ಬೇಡ.

ಅಡಿಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡು ಇಟ್ಟು, ಆಗಾಗ ಜಾಗ ಬದಲಿಸುತ್ತಿರಬೇಕು. ಹಳೇ ಗೆರೆಯ ಮೇಲೆ ಕತ್ತರಿಸಿದರೆ ಆಧಾರ ಸಿಗದೆ ಹಾಳೆಯ ಅಡಿ ಸೀಳುತ್ತದೆ. ಮಳೆಗಾಲದಲ್ಲಿ ಅಲಗು ಒಂದೇ ರಾತ್ರಿಯಲ್ಲಿ ಕೆಂಪಾಗುವುದು ಇದರ ದೊಡ್ಡ ಕೊರತೆ. ಹೊಲಿಗೆ ಮಷೀನಿನ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಡುತ್ತೇನೆ.

ನಾನು ರಾತ್ರಿ ಊಟ ಮುಗಿಸಿ ಕೂರುವವನು. ಸುತ್ತಿಗೆ ಸದ್ದು ಮಾಡುವಂತಿಲ್ಲ, ಒಂದು ಸಲಕರಣೆಗೆ ಇನ್ನು ಮುಂದೆ 500ಕ್ಕಿಂತ ಹೆಚ್ಚು ಹಾಕುವ ಮನಸ್ಸೂ ಇಲ್ಲ. ಆದ್ದರಿಂದ ನನಗೆ ಅಲಗೇ ಸರಿ. ದಿನವಿಡೀ ಬಡಗಿ ಕೆಲಸ ಮಾಡುವವರಿಗೆ, ಒಂದೇ ಉಳಿ ಎಲ್ಲಕ್ಕೂ ಆಗಬೇಕೆನ್ನುವವರಿಗೆ 38ರದ್ದು ಹೊಂದುತ್ತದೆ. ಹೊಸದನ್ನೇ ಕೊಳ್ಳುವುದಾದರೆ ಆರು ಇಂಚಿನ ಸ್ಟೀಲ್ ಸ್ಕೇಲ್ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಬೆನ್ನಿಗೆ ಅಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ: ನಡುವೆ ಬೆಳಕು ಕಂಡರೆ ತೆಗೆದುಕೊಳ್ಳಿ, ತುದಿಗಳಲ್ಲಿ ಕಂಡರೆ ಅಲ್ಲೇ ಬಿಟ್ಟುಬನ್ನಿ.